ಬುಜ್ಜಮ್ಮನಿಗೆ ಕನ್ನಡ ಬಾರದು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬೂದಿಕೋಟೆ ರಸ್ತೆಯ ಬದಿಯ ತಗಡಿನ ಲಾಯದಿಂದ ಆಗಲೇ ಬೈಗುಳ ಕೇಳಿಸುತ್ತಿದೆ. ನೆನೆಸಿಟ್ಟ ಹುರುಳಿ ಅರ್ಧ ಬಕೆಟ್ಟು ನೆಲದ ಪಾಲಾಗಿದೆ. ಚೆಲ್ಲಿದ ಹುಡುಗ ತಲೆ ಕೆರೆದುಕೊಳ್ಳುತ್ತ ನಿಂತಿದ್ದಾನೆ.

"ನೆಲಕ್ಯಾಕ್ಲಾ ಉಳ್ಳಿ ಆಕ್ದೆ? ಬೂಮ್ತಾಯಿ ಬಂದು ಗಾಡಿ ಎಳೀತಾಳಾ?" ಎನ್ನುತ್ತಾರೆ ಅಮ್ಮಾಜಮ್ಮ.

ಐವತ್ತರ ಆಸುಪಾಸಿನ ಹೆಂಗಸು. ಸೆರಗನ್ನು ಸೊಂಟಕ್ಕೆ ಬಿಗಿದು, ಕಂದು ಬಣ್ಣದ ಹೆಣ್ಣುಕುದುರೆ ಬುಜ್ಜಮ್ಮನ ಮುಂಗಾಲನ್ನು ಎತ್ತಿ ಮಂಡಿಯ ಮೇಲಿಟ್ಟುಕೊಂಡು ಗೊರಸಿಗೆ ಸಿಕ್ಕ ಕಲ್ಲು ಕೀಳುತ್ತಿದ್ದಾರೆ. ಕಣ್ಣು ಮಾತ್ರ ಮಕ್ಕಳ ಮೇಲೆ. ಒಬ್ಬ ಲದ್ದಿ ಬಾಚುತ್ತಿದ್ದಾನೆ. ಇಬ್ಬರು ತೆಂಗಿನ ನಾರಿನಲ್ಲಿ ಕುದುರೆಯ ಮೈ ಉಜ್ಜುತ್ತಿದ್ದಾರೆ. ಒಬ್ಬಳು ಬಾವಿಯಿಂದ ನೀರು ತರುತ್ತ ತನ್ನ ಲಂಗವನ್ನೇ ಹೆಚ್ಚು ತೋಯಿಸಿಕೊಂಡಿದ್ದಾಳೆ. ಇವರಾರೂ ಆಳುಮಕ್ಕಳಲ್ಲ; ಬಾಡಿಗೆ ಕೊಡುವ ಸವಾರಿಗಳು. ಇನ್ನೊಂದು ಗಳಿಗೆಗೆ ಇದೇ ಜಟಕಾ ಹತ್ತಿ ಬೌರಿಂಗ್‌ಪೇಟೆಯ ಸ್ಕೂಲಿಗೆ ಹೊರಡುವವರು.

"ಕುದ್ರೆ ಸಾಕೋದು ಸಾಲ್ದು ಅಂತ ದೇವ್ರು ಎಂಟು ಕೋತಿಗಳ್ನೂ ಕೊಟ್ಟವ್ನೆ," ಎಂದು ಅವರು ಉಸ್ಸೆನ್ನುತ್ತಾರೆ. ಕೋತಿಗಳು ನಗುವುದಿಲ್ಲ. ಲಾಯದಲ್ಲಿ ಗಟ್ಟಿಯಾಗಿ ನಕ್ಕರೂ ಬೈಗುಳವೆಂದು ಅವಕ್ಕೆ ಗೊತ್ತು.

ಈ ಜಟಕಾ ಅಮ್ಮಾಜಮ್ಮ ಬಯಸಿ ಪಡೆದದ್ದಲ್ಲ. ಗಂಡ ಶ್ರೀರಾಮಪ್ಪನವರು ಊರಿಗಾಂ ಚಿನ್ನದ ಗಣಿಯಲ್ಲಿದ್ದವರು. ಭೂಮಿಯೊಳಗೆ ಇಳಿದದ್ದು ಸಾಕು, ಇನ್ನು ಭೂಮಿಯ ಮೇಲೆ ನಾಲ್ಕು ದಿನ ಓಡಾಡುತ್ತೇನೆ ಎಂದು ಕೆಲಸ ಬಿಟ್ಟು ಬಂದು, ತೆಲುಗು ಸೀಮೆಯ ವೆಂಕಟಗಿರಿಕೋಟೆಯ ಸಂತೆಯಲ್ಲಿ ಕುದುರೆ ಕೊಂಡರು. ಓಡಾಡಿದ್ದು ಕಡಿಮೆಯೇ. ಜ್ವರ ಬಂದು ಹೋಗಿಬಿಟ್ಟರು. ನೆಂಟರೆಲ್ಲ ಕುದುರೆ ಮಾರು ಎಂದರು. ಕೊಳ್ಳಲು ಬಂದವನು ಬುಜ್ಜಮ್ಮನ ಬಾಯಿಗೆ ಕೈ ಹಾಕಿ ಹಲ್ಲು ನೋಡಿದ ರೀತಿ ಅಮ್ಮಾಜಮ್ಮನಿಗೆ ಹಿಡಿಸಲಿಲ್ಲ. ಅವನನ್ನು ಕಳಿಸಿ, ಮಾರನೆಯ ದಿನ ತಾವೇ ಲಗಾಮು ಹಿಡಿದರು.

ರೈಲ್ವೆ ಸ್ಟೇಷನ್ ಮುಂದಿನ ಜಟಕಾದವರಿಗೆ ಅದೊಂದು ತಮಾಷೆಯಾಯಿತು. ನೀನು ಕುದುರೆ ಓಡಿಸ್ತೀಯೋ, ಕುದುರೆ ನಿನ್ನ ಓಡಿಸ್ತದೋ ಎಂದು ಒಬ್ಬ ಕೇಳಿದ. "ನಿನ್ ಎಂಡ್ತಿ ನಿನ್ನ ಓಡಿಸ್ತಾಳಲ್ಲಪ್ಪ, ಅಂಗೇ," ಎಂದರಂತೆ. ಬಾಯಿ ಗೆದ್ದಿತು, ಸವಾರಿ ಸಿಗಲಿಲ್ಲ. ಹೆಂಗಸು ಹೊಡೆಯುವ ಗಾಡಿಗೆ ಗಂಡಸರು ಹತ್ತಲೊಲ್ಲರು. ಹತ್ತಿದ್ದು ಸುತ್ತಲ ಹಳ್ಳಿಗಳ ಸ್ಕೂಲು ಮಕ್ಕಳು ಮಾತ್ರ.

ಇನ್ನೊಂದು ತೊಡಕಿತ್ತು. ಬುಜ್ಜಮ್ಮ ತೆಲುಗಿನಲ್ಲಿ ಬೆಳೆದ ಕುದುರೆ. "ಪದ" ಎಂದರೆ ಹೊರಡುತ್ತದೆ, "ಆಗು" ಎಂದರೆ ನಿಲ್ಲುತ್ತದೆ. ನಮ್ಮ ಸೀಮೆಯವರೋ ಹೋಗು ಎನ್ನುವುದಕ್ಕೆ "ಓಗು" ಎನ್ನುವವರು. ಓಗು ಎಂದಾಗಲೆಲ್ಲ ಬುಜ್ಜಮ್ಮನ ಕಿವಿಗೆ ಬೀಳುವುದು ಆಗು. ಶ್ರೀರಾಮಪ್ಪನವರು ಮೊದಲ ವಾರವೆಲ್ಲ ಓಗು ಓಗು ಎಂದು ಗಂಟಲು ಹರಿದುಕೊಂಡು, ಸೋಂಬೇರಿ ಕುದುರೆ ಕೊಟ್ಟೆ ಎಂದು ಮಾರಿದವನೊಡನೆ ಜಗಳಕ್ಕೂ ಹೋಗಿದ್ದರಂತೆ. ಅವನು ಹೊಟ್ಟೆ ಹಿಡಿದುಕೊಂಡು ನಕ್ಕ. ಮುದಿ ಕುದುರೆಗೆ ಕನ್ನಡ ಕಲಿಸುವುದಕ್ಕಿಂತ ಮಕ್ಕಳಿಗೆ ಎರಡು ಮಾತು ತೆಲುಗು ಕಲಿಸುವುದು ಸಲೀಸು ಎಂದು ಅಮ್ಮಾಜಮ್ಮ ತೀರ್ಮಾನಿಸಿದರು.

ಮಕ್ಕಳು ಕೆಲಸಕ್ಕೆ ಇಳಿದದ್ದೂ ಯಾವ ದೊಡ್ಡ ಯೋಚನೆಯಿಂದಲ್ಲ. ಒಂದು ಚಳಿಗಾಲ ಅವರ ಸೊಂಟ ಹಿಡಿದುಕೊಂಡಿತು. ಬೇಗ ಬಂದು ಕಾಯುತ್ತಿದ್ದ ಮಕ್ಕಳು ಒಬ್ಬರನ್ನೊಬ್ಬರು ಗಿಲ್ಲುತ್ತಿದ್ದರು. ರೇಗಿ, ಒಬ್ಬೊಬ್ಬರ ಕೈಗೂ ಒಂದೊಂದು ಕೆಲಸ ಕೊಟ್ಟರು. ಸೊಂಟ ಸರಿಹೋಯಿತು, ಕೆಲಸ ಉಳಿಯಿತು. ಲಾಯದ ಕಟ್ಟಳೆಗಳೂ ಹಾಗೆಯೇ ಬೆಳೆದವು. ಕುದುರೆಯ ಹಿಂದೆ ನಿಲ್ಲಬಾರದು. ಅದು ಉಂಡಾದ ಮೇಲೆಯೇ ನಾವು ಬುತ್ತಿ ಬಿಚ್ಚಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಹೇಳದೆ ಮುಟ್ಟಬಾರದು. "ಬುಜ್ಜಮ್ಮಾ, ಮುಟ್ತಾ ಇದೀನಿ" ಎಂದು ಹೇಳಿ, ಅದರ ಕಿವಿ ಇತ್ತ ತಿರುಗಿದ ಮೇಲೆಯೇ ಕೈ ಇಡಬೇಕು. ಚಿಕ್ಕವರನ್ನು ಹೊಡೆಯುವುದೇ ಆಟವಾಗಿದ್ದ ಒಬ್ಬ ಹುಡುಗ ಈ ಕಿವಿಗಾಗಿ ಕಾದು ಕಾದು, ಈಗ ಕಾಯುವುದನ್ನೇ ಕಲಿತಿದ್ದಾನೆ. ಅದನ್ನು ಹೊಗಳಿದರೆ ಅಮ್ಮಾಜಮ್ಮನಿಗೆ ಸಿಡುಕು. ಕಲಿಸಿದ್ದು ತಾವಲ್ಲ, ಒದೆಯ ಹೆದರಿಕೆ ಎನ್ನುತ್ತಾರೆ.

ಅವರ ತಲೆ ನಿಜಕ್ಕೂ ಕೆಡಿಸಿದವಳು ಆದಿಲಕ್ಷ್ಮಿ. ಒಂಬತ್ತು ವರ್ಷದ ಈ ಹುಡುಗಿ ಮೂಕಿಯಲ್ಲ, ಆದರೆ ಮನೆಯಿಂದ ಹೊರಗೆ ಬಾಯಿ ಬಿಟ್ಟದ್ದನ್ನು ಕಂಡವರಿಲ್ಲ. ಮಾತಾಡದೆ ಮುಟ್ಟಿದ್ದಕ್ಕೆ ಬುಜ್ಜಮ್ಮ ಬೆಚ್ಚಿ ಎರಡು ಸಲ ಬಕೆಟ್ಟು ಒದ್ದಿತು. "ಏಳಿ ಮುಟ್ಟೇ ಅಂದ್ರೆ ನಿಂಗೇನು ಬ್ಯಾನೆ? ಅದಕ್ಕೇನು ಕನ್ಸು ಬೀಳ್ತದಾ, ನೀನು ಬಂದಿದೀಯ ಅಂತ?" ಎಂದು ಅಮ್ಮಾಜಮ್ಮ ಕೂಗಾಡಿದರು. ಹುಡುಗಿ ದಿನಗಟ್ಟಲೆ ಬಕೆಟ್ಟು ಹಿಡಿದು ದೂರ ನಿಂತಳು. ಒಂದು ಬೆಳಗ್ಗೆ ತುಟಿ ಅಲ್ಲಾಡಿತು. ಯಾರಿಗೂ ಕೇಳಿಸಲಿಲ್ಲ, ಕುದುರೆಗೆ ಕೇಳಿಸಿತು. ಅಲ್ಲಿಂದ ಅವಳು ಬುಜ್ಜಮ್ಮನೊಡನೆ ಗುಸುಗುಸು ಹಚ್ಚಿಕೊಂಡಳು. ಸ್ಕೂಲಿನಲ್ಲಿ ಮಾತ್ರ ಅದೇ ಮೌನ. ಇವಳಿಗೆ ಪಾಠ ಬರುತ್ತದೋ ಇಲ್ಲವೋ ನನಗೇ ಗೊತ್ತಾಗುತ್ತಿಲ್ಲ ಎಂದು ಅಶ್ವತ್ಥಪ್ಪ ಮೇಷ್ಟ್ರು ಮನೆಗೆ ಹೇಳಿಕಳಿಸಿದರು.

ಅಪ್ಪ ಸೊಣ್ಣಪ್ಪನವರಿಗೆ ಅಷ್ಟು ಸಾಕಾಯಿತು. ಯುಗಾದಿ ಕಳೆದ ಸೋಮವಾರ ಅವರೇ ಲಾಯಕ್ಕೆ ಬಂದರು. ಮಗಳು ಲದ್ದಿಯ ಮಂಕರಿ ಹೊತ್ತಿದ್ದಳು.

"ಓದಾಕ್ ಕಳ್ಸಿದ್ರೆ ಲದ್ದಿ ಓರಾಕ್ ಅಚ್ಚಿದೀಯಲ್ಲಮ್ಮ. ಬಾಯಿಲ್ದೋಳ್ಗೆ ಓದ್ಯಾಕೆ? ಇವತ್ತೇ ಇಸ್ಕೂಲಿಂದ ಎಸ್ರು ತೆಗ್ಸಿ ಬತ್ತೀನಿ," ಎಂದು ಮುಂದಿನ ಸೀಟಿನಲ್ಲಿ ಹತ್ತಿ ಕುಳಿತರು.

ಅಮ್ಮಾಜಮ್ಮ ಮಕ್ಕಳನ್ನು ಹತ್ತಿಸಿ ಗಾಡಿ ಹೊರಡಿಸಿದರು. ಬಾಯಿ ಬಿಟ್ಟಿದ್ದರೆ ಜಗಳವಾಗುತ್ತಿತ್ತು. ಸ್ಕೂಲು ತಪ್ಪಿದರೆ ಹುಡುಗಿ ಮನೆಯ ಮೂಲೆ ಸೇರುತ್ತಾಳೆ, ಈಗಷ್ಟೇ ಹೊರಟ ದನಿ ಅಲ್ಲಿಯೇ ಇಂಗಿಹೋಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಕೆರೆ ಏರಿಯ ಮೇಲೆ ಕುದುರೆಯ ಹೊಟ್ಟೆಪಟ್ಟಿ ಸಡಿಲಾಯಿತು. ಅಮ್ಮಾಜಮ್ಮ ಇಳಿದು ಬಿಗಿಯುತ್ತಿದ್ದರು. ಅಷ್ಟರಲ್ಲಿ ಹಿಂದೆ ಬೂದಿಕೋಟೆ ಬಸ್ಸು ಬಂದು ನಿಂತು ಹಾರನ್ನು ಒತ್ತತೊಡಗಿತು. ಏರಿಯ ಮೇಲೆ ಒಂದೇ ಗಾಡಿಗೆ ದಾರಿ. ಸೊಣ್ಣಪ್ಪನವರಿಗೆ ತಡೆಯಲಾಗದೆ ತಾವೇ ಲಗಾಮು ಕೈಗೆತ್ತಿಕೊಂಡು "ಓಗು! ಓಗು!" ಎಂದರು.

ಬುಜ್ಜಮ್ಮ ನಾಲ್ಕು ಕಾಲನ್ನೂ ನೆಟ್ಟು ನಿಂತಿತು.

ಅವರು ಇನ್ನೂ ಜೋರಾಗಿ ಕೂಗಿದರು. ಅದು ಇನ್ನೂ ಗಟ್ಟಿಯಾಗಿ ನಿಂತಿತು. ಬಸ್ಸಿನವರು ತಲೆ ಹೊರಗೆ ಹಾಕಿ ಮೂರು ಭಾಷೆಯಲ್ಲಿ ಬೈದರು. ಸೊಣ್ಣಪ್ಪನವರಿಗೂ ತೆಲುಗು ಬರುತ್ತದೆ; ಆದರೆ ಸಿಟ್ಟು ನೆತ್ತಿಗೇರಿದವನ ಬಾಯಲ್ಲಿ ಹುಟ್ಟುಮಾತೇ ಹೊರಡುವುದು. ಕೈ ಬಾರುಕೋಲಿಗೆ ಹೋಯಿತು. ಅಮ್ಮಾಜಮ್ಮ ಬಾಯಿ ತೆರೆಯುವ ಮೊದಲೇ ಹಿಂದಿನಿಂದ ಆದಿಲಕ್ಷ್ಮಿ ಧುಮುಕಿದ್ದಳು.

"ಅಪ್ಪಾ, ಒಡೀಬ್ಯಾಡ. ಲಗಾಮು ಬಿಡು. ನೀನು ಓಗು ಅಂದ್ರೆ ಅದಕ್ಕೆ ಆಗು ಅಂತ ಕೇಳಿಸ್ತದೆ. ನೀನು ಏಳ್ದಂಗೇ ಅದು ಕೇಳ್ತಾ ಐತೆ."

ಬಸ್ಸಿನ ಜನಕ್ಕೂ ಕೇಳಿಸುವಷ್ಟು ದನಿ. ಸೊಣ್ಣಪ್ಪನವರ ಕೈ ಸಡಿಲಾಯಿತು. ಹುಡುಗಿ ಕುದುರೆಯ ಮುಂದೆ ಬಂದು, ಮುಟ್ಟುತ್ತಿದ್ದೇನೆ ಎಂದು ಹೇಳಿ, ಕಿವಿ ತಿರುಗಿದ ಮೇಲೆ ಹಣೆಯ ಮೇಲೆ ಕೈಯಿಟ್ಟಳು. "ಪದ ಬುಜ್ಜಮ್ಮ, ಪದ" ಎಂದಳು. ಏರಿಯ ಕೊನೆಯವರೆಗೂ ಅವಳು ನಡೆದೇ ಬಂದಳು, ಕುದುರೆ ಅವಳ ಪಕ್ಕದಲ್ಲಿ, ಬಸ್ಸು ಅವರ ಹಿಂದೆ.

ಸ್ಕೂಲಿನ ಬಾಗಿಲಲ್ಲಿ ಅಶ್ವತ್ಥಪ್ಪ ಮೇಷ್ಟ್ರು, ಏನು ಸೊಣ್ಣಪ್ಪನವರೇ ಇಷ್ಟು ದೂರ, ಎಂದು ವಿಚಾರಿಸಿದರು. ಸೊಣ್ಣಪ್ಪನವರು ಇನ್ನೂ ಗಾಡಿಯಿಂದ ಇಳಿಯುತ್ತಿದ್ದರು. ಉತ್ತರ ಪಕ್ಕದಿಂದ ಬಂತು.

"ನನ್ ಎಸ್ರು ತೆಗ್ಸಾಕ್ ಬಂದಿದ್ರು ಮೇಷ್ಟ್ರೇ. ಈಗ ಬ್ಯಾಡಂತೆ."

ಹಾಗೆಂದು ಸೊಣ್ಣಪ್ಪನವರು ಯಾರಿಗೂ ಹೇಳಿರಲಿಲ್ಲ. ಒಂದು ಗಳಿಗೆ ಮಗಳನ್ನು ನೋಡಿದರು, ಒಂದು ಗಳಿಗೆ ತಮ್ಮ ಚಪ್ಪಲಿ ನೋಡಿಕೊಂಡರು. "ಅವ್ಳೇ ಏಳಿದ್ಮೇಲೆ ಇನ್ನೇನೈತೆ," ಎಂದರು. ಊರಿಗೆ ವಾಪಸ್ಸು ಹೋಗಲು ಜಟಕಾ ಹತ್ತಲಿಲ್ಲ. ಸಂತೆಯಲ್ಲಿ ಕೆಲಸವಿದೆ ಎಂದು ನಡೆದುಬಿಟ್ಟರು. ಅಂದು ಸಂತೆಯಿರಲಿಲ್ಲ.

ಇದನ್ನೆಲ್ಲ ಹೇಳುವಾಗಲೂ ಅಮ್ಮಾಜಮ್ಮನ ಮುಖದಲ್ಲಿ ಗೆದ್ದವರ ಕಳೆಯೇನೂ ಇಲ್ಲ, ಕಾಟ ಹೆಚ್ಚಾಯಿತೆಂಬ ಬೇಸರವೇ. ಆದಿಲಕ್ಷ್ಮಿ ಈಗ ಲಾಯದ ಬಾಗಿಲಿಂದಲೇ ಮಾತು ಶುರುಮಾಡುತ್ತಾಳಂತೆ. ಲಾಳ ಯಾಕೆ, ಮೂಗು ಯಾಕೆ ಒದ್ದೆ, ಕುದುರೆ ನಿಂತೇ ನಿದ್ದೆ ಮಾಡಿದರೆ ಕನಸು ಬೀಳುತ್ತದೆಯೇ. ಸ್ಕೂಲು ಮುಟ್ಟುವವರೆಗೆ ಬಿಡುವಿಲ್ಲ.

ನಿಮಗೇನು ಆಸೆ ಎಂದು ಕೇಳಿದರೆ ಅವರು ಲಗಾಮು ಕೈಗೆ ಸುತ್ತಿಕೊಳ್ಳುತ್ತಾರೆ. "ದಿನಾ ಬೆಳಿಗ್ಗೆ ಬುಜ್ಜಮ್ಮನ ತಾವ ನಾನೂ ಒಂದು ಮಾತಾಡ್ಬೇಕು ಅಂತ ಆಸೆ. ಆ ಉಡುಗಿ ಬಿಟ್ರೆ ತಾನೆ? ಮೊದ್ಲು ನನ್ ದನಿ ಕೇಳಿದ್ರೆ ಕಿವಿ ತಿರುಗಿಸ್ತಿತ್ತು. ಈಗ ಆ ಉಡುಗೀದು ಕೇಳಿದ್ರೆ ತಿರುಗಿಸ್ತದೆ." ಗಾಡಿ ಹತ್ತಿ ಕುಳಿತು, "ತಿರುಗಿಸ್ಲಿ ಬಿಡು," ಎನ್ನುತ್ತಾರೆ.