ಮಾನವಮಿಯ ಪೂಜೆಗೆ ಕೂತ ಡೈರಿ

ಮೈಮೇಲೆ ದೇವರು ಬರುವುದು, ಕಣಿ ಹೇಳುವುದು, ಇವನ್ನೆಲ್ಲ ನಾನು ನಂಬಿದವಳಲ್ಲ. ಹುಲಿಗಿಯ ಜಾತ್ರೆಗೆ ಹೋದರೂ ಎಲ್ಲರ ಜೊತೆ ಕೈ ಮುಗಿದು ಬರುತ್ತಿದ್ದೆ, ಅಷ್ಟೆ. ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದವಳು ನಾನೇ ಮೊದಲು. ರಜೆಯಲ್ಲಿ ಶೇಂಗಾ ಕಿತ್ತು, ದಾಳಿಂಬೆ ತೋಟದಲ್ಲಿ ಕೂಲಿ ಮಾಡಿ ಓದಿದೆ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಆದರೆ ಅಷ್ಟು ಓದಿದ ಮೇಲೂ ಈ ಒಂದು ಸಂಗತಿ ನನ್ನ ಬುದ್ಧಿಗೆ ನಿಲುಕಿಲ್ಲ. ನೀವು ನಂಬಲೇಬೇಕೆಂದೇನಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಆಗ ನಾನು ಕುಷ್ಟಗಿಯಲ್ಲಿ ಖೋಲಿ ಹಿಡಿದು ಶಾಲೆಯೊಂದರಲ್ಲಿ ಪಾಠ ಹೇಳುತ್ತಿದ್ದೆ. ಕಾಲೇಜಿನ ದಿನಗಳಿಂದಲೂ ಡೈರಿ ಬರೆಯುವ ರೂಢಿ. ಬರೆಯುವುದು ಇಂಗ್ಲಿಷಿನಲ್ಲಿ. ಅಣ್ಣ ಏಳನೇ ಇಯತ್ತೆಯವರೆಗೆ ಕಲಿತಿದ್ದ, ಕನ್ನಡವನ್ನು ಅಕ್ಷರ ಕೂಡಿಸಿ ಓದುತ್ತಿದ್ದ. ನನ್ನ ಮನಸ್ಸಿನ ಮಾತು ಅವನ ಕಣ್ಣಿಗೆ ಬೀಳುವುದು ನನಗೆ ಬೇಕಿರಲಿಲ್ಲ. ಅವ್ವನದಂತೂ ಹೆಬ್ಬೆಟ್ಟು.

ಆ ವರ್ಷ ಅವ್ವನ ಗಂಟಲಲ್ಲಿ ಗಡ್ಡೆ ಕಾಣಿಸಿತು. ಕೊಪ್ಪಳದ ಡಾಕ್ಟರು ನನ್ನನ್ನೂ ಅಣ್ಣನನ್ನೂ ಮಾತ್ರ ಒಳಗೆ ಕರೆದು ಹೇಳಿದರು: ಆಪರೇಷನ್ ಮಾಡಿದರೆ ಜೀವ ಉಳಿಯುತ್ತದೆ, ದನಿ ಹೋಗುತ್ತದೆ. ನಮ್ಮವ್ವ ಹಾಡುವವಳು. ನಮ್ಮೂರು ಹುಲಿಹೈದರದ ಸುತ್ತ ಮದುವೆ, ಕುಬಸ, ತೊಟ್ಟಿಲು ಏನೇ ಇದ್ದರೂ ಅವಳಿಗೆ ಕರೆ ಬರುತ್ತಿತ್ತು. ದನಿಯ ಮಾತು ತಿಳಿದರೆ ಅವಳು ಆಸ್ಪತ್ರೆಯ ಮೆಟ್ಟಿಲು ಹತ್ತುವವಳಲ್ಲ.

“ಹೇಳೂದ ಬ್ಯಾಡ,” ಎಂದ ಅಣ್ಣ. “ಹೆಬ್ಬೆಟ್ಟು ಒತ್ತೂ ಕಾಗದದಾಗ ಏನೈತಿ ಅಂತ ನಿನ್ನ ಕೇಳ್ತಾಳ. ಗಡ್ಡಿ ತಗೀತಾರಂತ ಅಂದು ಸುಮ್ನಿರು.”

ಜೀವ ದೊಡ್ಡದೆಂದು ನಾನೂ ಒಪ್ಪಿದೆ. ಹಬ್ಬ ಮುಗಿದ ಮೇಲೆ ಆಸ್ಪತ್ರೆಗೆ ಸೇರಿಸುವುದೆಂದಾಯಿತು.

ಮಾನವಮಿಗೆ ಊರಿಗೆ ಹೋದೆ. ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಎದೆ ಭಾರವಾಗಿ ಡೈರಿ ತೆಗೆದು ಕೂತೆ. ಆಪರೇಷನ್ನಿನಲ್ಲಿ ಹೋಗುವ ಮೊದಲು ಅವ್ವನ ದನಿಯನ್ನು ಫೋನಿನಲ್ಲಿ ಹಿಡಿದಿಟ್ಟುಕೊಳ್ಳಬೇಕು, ಏನು ನೆಪ ಹೇಳಲಿ ಎಂದು ಬರೆದೆ. ನನ್ನನ್ನು ಮೊದಲ ಸಲ ಶಾಲೆಗೆ ಕಳಿಸಿದಾಗ ಬೀಸುಕಲ್ಲಿನ ಮುಂದೆ ಅವಳೇ ಕಟ್ಟಿ ಹಾಡಿದ ಹಾಡೊಂದಿತ್ತು. ಅದೇ ಬೇಕು ಎಂದೂ ಬರೆದೆ. ಆ ಹಾಡನ್ನು ಅವಳು ಹಾಡಿ ಎಷ್ಟೋ ವರ್ಷಗಳಾಗಿದ್ದವು. ನನ್ನ ಈ ಆಸೆ ಅಣ್ಣನಿಗೂ ಗೊತ್ತಿರಲಿಲ್ಲ.

ನಮ್ಮಲ್ಲಿ ಮಾನವಮಿಯ ದಿನ ದುಡಿದು ಉಣ್ಣಲು ಬೇಕಾದ ಸಾಮಾನುಗಳನ್ನೆಲ್ಲ ತೊಳೆದು ದೇವಿಯ ಮುಂದೆ ಇಡುತ್ತಾರೆ. ಮರುದಿನ ಬನ್ನಿ ಮುಡಿಯುವತನಕ ಅವನ್ನು ಯಾರೂ ಮುಟ್ಟುವಂತಿಲ್ಲ. ಸಂಜೆ ಒಳಗೆ ಬಂದು ನೋಡಿದರೆ ಕುಡುಗೋಲು, ಕೊಡಲಿ, ಸಲಿಕೆಗಳ ನಡುವೆ ನನ್ನ ಡೈರಿ! ಮೇಲೆ ವಿಭೂತಿ, ಕುಂಕುಮ, ಚೆಂಡುಹೂವು. ಅವ್ವ ನನ್ನ ಚೀಲದಿಂದ ತೆಗೆದು ಇಟ್ಟಿದ್ದಳು.

“ಯವ್ವಾ, ಅದನ್ಯಾಕ ಇಟ್ಟಿ? ಅದು ಸಾಲಿ ಪುಸ್ತಕ ಅಲ್ಲ!”

“ಬರಿಯೂದು ಹೌದಲ್ಲ? ನಿನ್ನ ಕುಡಗೋಲು ಅದ,” ಎಂದಳು. ದನಿ ಆಗಲೇ ಒಡೆಯುತ್ತಿತ್ತು.

ಅಣ್ಣ ನಕ್ಕು, ಶಾಲೆಯ ಮಕ್ಕಳು ನನ್ನನ್ನು ಕರೆಯುವ ಹಾಗೆ ಕರೆದ. “ಇರ್ಲಿ ಬಿಡ್ರಿ ಅಕ್ಕೋರ. ದೇವಿಗೆ ಇಂಗ್ಲಿಷ್ ಬರತೈತೋ ಇಲ್ಲೋ, ಇವತ್ತ ಪರೀಕ್ಷಾ ಆಗ್ಲಿ.”

ನಾನೂ ನಕ್ಕುಬಿಟ್ಟೆ. ಓದುವವರು ಯಾರಿದ್ದಾರೆ ಎಂಬ ಧೈರ್ಯ ನನಗೆ.

ಮರುದಿನ ಸಂಜೆ ಬನ್ನಿ ಹಿಡಿದು ಮೊದಲು ಅವ್ವನ ಹತ್ತಿರ ಹೋದೆ. ಎಲೆ ಕೈಗಿಟ್ಟು ಕಾಲು ಮುಟ್ಟಿದೆ. ಅವಳು ನನ್ನ ಕೈ ಬಿಡಲಿಲ್ಲ.

“ಫೋನ್ ತಗೀ,” ಎಂದಳು.

“ಯಾಕವ್ವಾ?”

“ಸಾಲಿ ಹಾಡು ಬೇಕಲ್ಲ ನಿನಗ? ಈಗ ಹಿಡಕೋ. ಆಮ್ಯಾಲ ನನ್ನ ಕೊಳ್ಳಾಗ ದನಿ ಇರೂದಿಲ್ಲ.”

ಅಣ್ಣ ಅಲ್ಲೇ ನಿಂತಿದ್ದ. ಅವನ ಮುಖ ಕಪ್ಪಿಟ್ಟಿತು. “ನೀ ಹೇಳಿದೇನ?” ಎಂದು ನನ್ನನ್ನು ಕೇಳಿದ. ನಾನು ಅವನನ್ನು ಅದನ್ನೇ ಕೇಳಬೇಕೆಂದಿದ್ದೆ.

“ಯಾರ ಹೇಳಿದ್ರವ್ವಾ ನಿನಗ?” ಎಂದೆ.

“ಹಾಡೂ ಹೊತ್ತಿನ್ಯಾಗ ಮಾತ್ಯಾಕ,” ಎಂದು ಅವಳು ಹಾಡತೊಡಗಿದಳು. ನಡುವೆ ಕೆಮ್ಮು ಬಂತು, ತಡೆದು ಮತ್ತೆ ಹಾಡಿದಳು. ನಾನು ಫೋನನ್ನು ಅವಳ ಬಾಯಿಯ ಹತ್ತಿರ ಹಿಡಿದೆ.

ಆಸ್ಪತ್ರೆಯಲ್ಲಿ ಕಾಗದ ಮುಂದಿಟ್ಟಾಗ ಅದರಲ್ಲಿ ಏನಿದೆ ಎಂದು ಅವಳು ಕೇಳಲೇ ಇಲ್ಲ. ತಾನೇ ಹೆಬ್ಬೆಟ್ಟು ಮುಂದೆ ಮಾಡಿದಳು.

ಅಣ್ಣ ಬಾಯಿ ಬಿಟ್ಟಿರಬಹುದು ಎಂದು ಬಹಳ ದಿನ ಅವನೊಡನೆ ಜಗಳವಾಡಿದೆ. ಮಗನ ತಲೆ ಮುಟ್ಟಿ ಇಲ್ಲವೆಂದ. ಹೇಳಿದ್ದನೆಂದೇ ಇಟ್ಟುಕೊಂಡರೂ ಹಾಡಿನ ಮಾತು ಅವನಿಗೆಲ್ಲಿ ಗೊತ್ತಿತ್ತು? ನಮ್ಮ ಓಣಿಯಲ್ಲಿ ಅಷ್ಟು ಇಂಗ್ಲಿಷ್ ಓದಬಲ್ಲವರಿರಲಿಲ್ಲ. ತಾಯಿಯಾದವಳು ಊಹಿಸಿರಬೇಕು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ಹಗಲು ಅದು ನಿಜವೆನಿಸುತ್ತದೆ.

ಅವ್ವ ಈಗಲೂ ಇದ್ದಾಳೆ. ಕೊರಳಲ್ಲಿ ತೂತು, ಅದರ ಮೇಲೊಂದು ಬಟ್ಟೆ. ನೀರು, ಊಟ, ಬಸ್ಸು ಇಂಥವನ್ನು ತುಟಿ ಅಲುಗಿಸಿ, ಕೈ ಮಾಡಿ ಹೇಳುತ್ತಾಳೆ, ನಮಗೆ ತಿಳಿಯುತ್ತದೆ. ಮದುವೆಗಳಿಗೆ ಹೋಗುವುದನ್ನು ಬಿಟ್ಟಿದ್ದಾಳೆ.

ಒಂದು ದಿನ ಜೋಳ ಹಸನು ಮಾಡುತ್ತಿದ್ದವಳ ಎದುರು ಕೂತು ಕೇಳಿಯೇಬಿಟ್ಟೆ: ಅವತ್ತು ನಿನಗೆ ಹೇಗೆ ಗೊತ್ತಾಯಿತು? ಅವಳು ಮೊರ ಕೆಳಗಿಟ್ಟು ಹೇಳತೊಡಗಿದಳು. ತುಟಿಗಳು ಬಹಳ ಹೊತ್ತು ಅಲುಗಿದವು. ನನಗೆ ಒಂದೂ ತಿಳಿಯಲಿಲ್ಲ. ಅಣ್ಣನನ್ನು ಕರೆದೆ. ಮತ್ತೆ ಮೊದಲಿನಿಂದ, ಇನ್ನೂ ನಿಧಾನವಾಗಿ ಹೇಳಿದಳು. ಅವನಿಗೂ ತಿಳಿಯಲಿಲ್ಲ. ನಮ್ಮಿಬ್ಬರ ಮುಖ ನೋಡಿ, ಅವ್ವ ಮೊರ ಎತ್ತಿಕೊಂಡಳು.