ಸುಂದ್ರವ್ವನ ದಿಬ್ಬ, ಕಂಪನಿಯ ಗಾಳಿ

ನಮ್ಮ ದೊಡ್ಡವ್ವ ಸುಂದ್ರವ್ವ ಯಾರನ್ನೂ ನಂಬುವುದಿಲ್ಲ. ಇದು ಚಾಡಿಮಾತಲ್ಲ, ಮಮದಾಪುರದಲ್ಲಿ ಯಾರನ್ನು ಬೇಕಾದರೂ ಕೇಳಿ. ನಾನು ಪರಶುರಾಮ, ಆಕೆಯ ಮೈದುನನ ಮಗ, ಆಕೆಯ ಕೈತುತ್ತು ತಿಂದು ಬೆಳೆದವನು. ಊರಲ್ಲಿ ಹಿಟ್ಟಿನ ಗಿರಣಿ ನಡೆಸುತ್ತೇನೆ. ಜೋಳ ಬೀಸಿಸಲು ಬಂದರೆ ಮುಗಿಯುವ ತನಕ ಕಲ್ಲಿನ ಬಾಜೂ ನಿಂತಿರುತ್ತಾಳೆ. ಡಬ್ಬಿ ಎತ್ತುವ ಮೊದಲು ಗಿರಣಿಯ ಬಾಯಿಗೆ ಕೈಹಾಕಿ, ನಾನು ಒಳಗೆ ಎಷ್ಟು ಹಿಟ್ಟು ಉಳಿಸಿಕೊಂಡಿದ್ದೇನೆ ಎಂದು ತಡವಿ ನೋಡುತ್ತಾಳೆ. ಸಿಟ್ಟು ಬರುತ್ತದೆ. ಬಂದು ಏನು ಮಾಡಲಿ?

ಕಾಳು ಕೊಳ್ಳಲು ಹೋದರೆ ಮೊದಲು ಅಂಗಡಿಯವರ ಅಳತೆಯ ಸೇರನ್ನು ಬೋರಲು ಹಾಕಿ ತಳ ಸವರುತ್ತಾಳೆ. ತಳವನ್ನು ಒಳಕ್ಕೆ ಬಡಿದ ಸೇರಿನಲ್ಲಿ ಕಾಳು ಕಡಿಮೆ ಹಿಡಿಯುತ್ತದೆ, ಮೇಲಿನಿಂದ ನೋಡಿದವರಿಗೆ ತಿಳಿಯುವುದಿಲ್ಲ. ಈಗ ಎಲ್ಲ ಕಡೆ ಎಲೆಕ್ಟ್ರಾನಿಕ್ ತಕ್ಕಡಿ ಬಂದಿದೆ. ಈಕೆ ಅದರ ತಟ್ಟೆಯನ್ನೂ ಎತ್ತಿ ಕೆಳಗೆ ಇಣುಕುತ್ತಾಳೆ.

ಇಂಥವಳ ಹೆಸರಿನಲ್ಲಿ ಊರ ಮೂಡಣಕ್ಕೆ ಒಂದು ದಿಬ್ಬವಿದೆ. ದೊಡ್ಡಪ್ಪ ತೀರಿಕೊಂಡ ಮೇಲೆ ನೀರಾವರಿ ಹೊಲವೆಲ್ಲ ಮಕ್ಕಳ ಪಾಲಾಯಿತು, ಆಕೆಗೆ ಉಳಿದದ್ದು ದಿಬ್ಬವೊಂದೇ. ಅಲ್ಲಿ ಹುಲ್ಲು ಕೂಡ ನೆಟ್ಟಗೆ ಬೆಳೆಯುವುದಿಲ್ಲ. ಗಾಳಿ ಮಾತ್ರ ಬೇಕಾದಷ್ಟು. ಆಕೆಯ ಕಣ ಅಲ್ಲೇ. ಊರಿಗೆ ಊರೇ ಮಷಿನ್ನಿನಲ್ಲಿ ರಾಶಿ ಮಾಡುತ್ತದೆ, ಆಕೆ ಮಾತ್ರ ಮಕ್ಕಳ ಹೊಲದಲ್ಲಿ ಬೆಳೆದ ಮನೆಖರ್ಚಿನ ಜೋಳವನ್ನು ಕೈಯಿಂದಲೇ ತೂರುತ್ತಾಳೆ. ಮಷಿನ್ನಿನ ಹೊಟ್ಟೆಯಲ್ಲಿ ಎಷ್ಟು ಕಾಳು ಉಳಿಯುತ್ತದೆ ಎಂದು ನೋಡಿದವರು ಯಾರು ಎಂಬುದು ಆಕೆಯ ಪ್ರಶ್ನೆ.

ಆ ದಿಬ್ಬಕ್ಕೆ ವಿದ್ಯುತ್ ಕಂಪನಿಯವರು ಬಂದರು. ಗಾಳಿಯಿಂದ ಕರೆಂಟ್ ತೆಗೆಯುವ ಗೋಪುರಕ್ಕೆ ಜಾಗ ಹುಡುಕುತ್ತಿದ್ದರು. ಅವರ ಜೊತೆ ಬಂದ ಇಂಜಿನಿಯರ್ ನಮ್ಮೂರಿನವಳೇ, ಬುದ್ಧವಿಹಾರದ ಓಣಿಯ ಪದ್ಮವ್ವನ ಮಗಳು ಆಮ್ರಪಾಲಿ. ಹುಕ್ಕೇರಿಗೆ ಕೊಟ್ಟಿದ್ದಾರೆ, ಗೋಕಾಕದ ಆಫೀಸಿನಲ್ಲಿ ಕೆಲಸ. ಮೊದಲು ಒಂದು ವರ್ಷ ಗಾಳಿ ಅಳೆಯುವ ಕಂಬ ನಿಲ್ಲಿಸುತ್ತೇವೆ ಎಂದಳು. ದೂರದಲ್ಲಿದ್ದರೆ ಏನು ಮಾಡುತ್ತಾರೋ, ಕಣ್ಣೆದುರೇ ಇರಲಿ ಎಂದು ದೊಡ್ಡವ್ವ ಒಪ್ಪಿದಳು.

ತೆಳ್ಳನೆಯ ಕಂಬ, ನಾಲ್ಕೂ ಕಡೆ ತಂತಿ ಬಿಗಿದು ನಿಲ್ಲಿಸಿದರು. ತುದಿಯಲ್ಲಿ ಮೂರು ಬಟ್ಟಲು ಸದಾ ಗಿರಗಿರ ತಿರುಗುತ್ತಿದ್ದವು. ಅದೇ ವರ್ಷ ಜೋಳದ ಸುಗ್ಗಿಯಲ್ಲಿ ಆಕೆಯ ಮನೆಗೆ ಹೋದೆ. ಹಿತ್ತಲಲ್ಲಿ ಟೇಬಲ್ ಫ್ಯಾನ್ ಹಚ್ಚಿಕೊಂಡು ದೊಡ್ಡವ್ವ ಜೋಳ ತೂರುತ್ತಿದ್ದಳು. ಹೊಟ್ಟು ಹಾರುವ ಬದಲು ಆಕೆಯ ತಲೆಯ ಮೇಲೆಯೇ ಬೀಳುತ್ತಿತ್ತು.

"ದೊಡ್ಡವ್ವ, ದಿಬ್ಬದ ಮ್ಯಾಲ ಅಷ್ಟ ಗಾಳಿ ಇರೂವಾಗ ಇದೇನ ನಡಿಸಿ?"

"ಅಲ್ಲಿ ಮೂರು ಸೇರು ಕಟ್ಯಾರ, ನೋಡಿಲ್ಲೇನ? ತಿರಗಿ ತಿರಗಿ ಗಾಳಿ ಅಳ್ಯಾಕತ್ತಾವ. ನಾ ಅಲ್ಲಿ ತೂರಿದ್ರ ನನ್ನ ಹೆಸರಿಗಿ ಹಚ್ತಾರ. ನಾಳಿ ಬಿಲ್ ಕಳಸ್ತಾರ."

"ಗಾಳಿಗಿ ಯಾರರ ಬಿಲ್ ಕಳಸ್ತಾರೇನ?"

"ಕುಡ್ಯೂ ನೀರಿಗಿ ಕಳಸಾಕತ್ತಿಲ್ಲ? ನಮ್ಮ ಅತ್ತಿ ಕಾಲದಾಗ ನೀರಿಗಿ ಬಿಲ್ ಇತ್ತೇನ?"

ಪುಕ್ಕಟೆ ಗಾಳಿಗೆ ಹೆದರಿ ಕರೆಂಟಿನ ಬಿಲ್ ಏರಿಸಿಕೊಳ್ಳುತ್ತಿದ್ದಾಳೆ ಎಂದು ಗಿರಣಿಗೆ ಬಂದವರಿಗೆಲ್ಲ ಹೇಳಿ ಹೊಟ್ಟೆ ತುಂಬ ನಕ್ಕೆ.

ವರ್ಷ ಕಳೆದ ಮೇಲೆ ಆಮ್ರಪಾಲಿ ಗ್ರಾಮಸಭೆಗೆ ಬಂದಳು. ಗಾಳಿ ಚೆನ್ನಾಗಿದೆ, ದಿಬ್ಬ ಸಿಕ್ಕರೆ ಗೋಪುರ ನಿಲ್ಲುತ್ತದೆ, ಆ ಕರೆಂಟ್ ಮೊದಲು ಮಮದಾಪುರಕ್ಕೆ, ಉಳಿದದ್ದು ಕೊಣ್ಣೂರಿನ ಕಡೆಗೆ ಎಂದಳು. ಮಧ್ಯಾಹ್ನ ಕರೆಂಟ್ ಹೋಗಿ ಗಿರಣಿಯ ಪಟ್ಟಾ ನಿಂತಾಗಲೆಲ್ಲ ಗಿರಾಕಿಗಳ ಬಾಯಿಗೆ ಬೀಳುವವನು ನಾನು, ಎದ್ದು ನಿಂತು ಚಪ್ಪಾಳೆ ತಟ್ಟುವುದೊಂದು ಬಾಕಿ. ಆಮೇಲೆ ಖರ್ಚಿನ ಮಾತು ಬಂತು. ಗೋಪುರ ಏಳುವ ತನಕ ಪ್ರತಿ ಮನೆಯ ಬಿಲ್ಲಿನಲ್ಲಿ ಸ್ವಲ್ಪ ಹೆಚ್ಚು ಹಾಕುವುದು ಕಂಪನಿಯ ವಿಚಾರ ಎಂದು ಆಮ್ರಪಾಲಿ ನೆಲ ನೋಡುತ್ತ ಹೇಳಿದಳು.

ದೊಡ್ಡವ್ವ ಎದ್ದಳು.

"ಮೂಡಲಗಿಯಾಗ ನನ್ನ ತವರುಮನಿ ಮುಂದ ಇಂಥಾದ ಒಂದು ಕಂಬ ಐತಿ. ಬೀದಿಗಿ ಸೋಲಾರ್ ದೀಪ ಹಾಕ್ತೇವಂತ ಮನಿಮನಿ ರೊಕ್ಕ ಎತ್ತಿ, ಕಂಬ ಹುಗದು ಹ್ವಾದವರು ತಿರಗಿ ಬಂದಿಲ್ಲ. ನಮ್ಮ ಅಣ್ಣ ಅದಕ್ಕ ಎಮ್ಮಿ ಕಟ್ತಾನ." ಜನ ನಕ್ಕರು, ಆಕೆ ನಗಲಿಲ್ಲ. "ಬಡಿಗ್ಯಾ ಮೊದಲ ಕೂರಿಗಿ ಮಾಡಿ ಕೊಡ್ತಾನ. ನಾವು ಬಿತ್ತತೇವಿ, ಬೆಳೀತೇವಿ. ರಾಶಿ ಆದ ಮ್ಯಾಲ ಕಣಕ್ಕ ಬಂದು ತನ್ನ ಆಯ ಒಯ್ತಾನ. ಮಳಿ ಕೈಕೊಟ್ರ ಅವಂಗೂ ಕಡಿಮಿ, ನಮಗೂ ಕಡಿಮಿ. ನೀವು ಕೂರಿಗಿ ಮಾಡೂ ಮೊದಲ ಆಯ ಕೇಳಾಕತ್ತೀರಿ. ಗಾಳಿ ಬರಲಿಲ್ಲಂದ್ರ ಹೊಡತ ಯಾರಿಗಿ?"

ಆಯವೆಂದರೆ ವರ್ಷವಿಡೀ ಊರಿಗೆ ದುಡಿದವರಿಗೆ ಸುಗ್ಗಿಯಲ್ಲಿ ಕಣದಲ್ಲೇ ಅಳೆದು ಕೊಡುವ ಕಾಳು. ಆಮ್ರಪಾಲಿಯ ಮುಖ ಅರಳಿತು.

"ದೊಡ್ಡವ್ವಾರ, ಆಫೀಸಿನ್ಯಾಗ ನಾ ಹೇಳಿದ್ದೂ ಇದನ್ರಿ. ಕಂಪನಿ ತನ್ನ ಹೆಸರ ಮ್ಯಾಲ ಬ್ಯಾಂಕಿನ್ಯಾಗ ಸಾಲ ತಗೀಲಿ, ಗೋಪುರ ಎಬ್ಬಸಲಿ, ಹುಟ್ಟಿದ ಕರೆಂಟಿನ್ಯಾಗ ಸಾಲ ತೀರಿಸ್ಕೊಳ್ಳಿ. ಊರಿಗೂ ಅದರಾಗ ಪಾಲಿರಲಿ. ನಮ್ಮ ಹುಕ್ಕೇರಿ ಕಡೆ ಕರೆಂಟ್ ಬಳಸೋರ ಸೇರಿ ಸಂಘ ಮಾಡ್ಕೊಂಡಾರಲ್ರಿ. ನೀವು ಠರಾವು ಮಾಡಿ ಕೊಟ್ರ ನನ್ನ ಮಾತಿಗಿ ಬಲ ಬರತೈತ್ರಿ."

ಬೇರೆ ಯಾರಾದರೂ ಗೆದ್ದೆನೆಂದು ಕುಳಿತುಕೊಳ್ಳುತ್ತಿದ್ದರು. ದೊಡ್ಡವ್ವನಿಗೆ ಸಂಶಯ ಇನ್ನೂ ಹೆಚ್ಚಾಯಿತು. "ಇಷ್ಟ ಲಗೂ ಒಪ್ಪಿದಿ ಅಂದ್ರ ಏನೋ ಐತಿ. ಹುಟ್ಟಿದ ಕರೆಂಟ ಅಳತಿ ಮಾಡೋರು ಯಾರು?"

"ಕಂಪನಿ ಮೀಟರ್ ಇರತೈತ್ರಿ."

"ಅಳ್ಯೋರೂ ನೀವ, ಒಯ್ಯೋರೂ ನೀವ. ನಾ ದಿಬ್ಬ ಕೊಡಾಂಗಿಲ್ಲ."

ಆಗ ಹಿಂದಿನ ಸಾಲಿನಲ್ಲಿ ಪದ್ಮವ್ವ ಎದ್ದಳು. ಮಗಳು ಇಂಜಿನಿಯರ್ ಆದರೂ, ಬೇಡವೆಂದು ಜಗಳ ಮಾಡಿದರೂ, ಕೂಲಿ ಬಿಡದ ಹೆಂಗಸು. ಸಭೆಯಲ್ಲಿ ಅವಳ ದನಿ ನಾನು ಕೇಳಿದ್ದು ಅದೇ ಮೊದಲು.

"ಅಕ್ಕಾರ, ನಿಮ್ಮ ಕಣದಾಗ ಅಳತಿ ಮಾಡೋರು ಯಾರಿದ್ರು?"

ದೊಡ್ಡವ್ವ ಹಿಂದಿರುಗಿ ನೋಡಿದಳು. ಪದ್ಮವ್ವ ತಾನೇ ಮುಂದುವರಿಸಿದಳು.

"ಬಡಿಗ್ಯಾರಿಗಿ, ಕಂಬಾರಿಗಿ ಅಳದ್ದು ಒಂದು ಸೇರು. ನಮ್ಮ ಓಣಿ ಮಂದಿನ್ನ ಎಲ್ಲಾರ್ಕಿಂತ ಕಡೀಕ ಕರದು, ರಾಶಿ ಬುಡದಾಗಿನ ಮಣ್ಣಗಾಳ ಅಳದ್ದು ಇನ್ನೊಂದು ಸೇರು. ಅದರ ತಳ ಒಳಗ ಬಂದಿತ್ತು. ನಮ್ಮವ್ವ ಸೆರಗ ಒಡ್ಡಿ ನಿಂತಾಗ ಬಾಜೂ ನಿಂತು ನೋಡೇನಿ. ಆ ಸೇರು ನಾವು ಮುಟ್ಟೂ ಹಂಗಿದ್ದಿಲ್ಲ. ಆದ್ರ ಕಣ್ಣಿಗಿ ಕಾಣ್ತಿತ್ತರಿ."

"ಅದು ನಮ್ಮ ಮಾವನ್ನೋರ ಸೇರು," ಎಂದಳು ದೊಡ್ಡವ್ವ.

"ಸೇರು ಅವರ್ದು. ಅಳದ ಕೈ ನಿಮ್ದು."

ದೊಡ್ಡವ್ವ ಸೆರಗು ಸರಿಮಾಡಿಕೊಂಡು ಸಭೆಯಿಂದ ಹೊರಟೇಹೋದಳು. ನನಗೆ ನಾಚಿಕೆಯಾಯಿತು. ಆ ಮನೆ ನನ್ನದೂ ಹೌದು, ಆ ಕಾಳು ಉಳಿಸಿ ಮಾಡಿದ ರೊಟ್ಟಿ ನಾನೂ ತಿಂದಿದ್ದೇನೆ. ಜೊತೆಗೆ ಒಂದು ಅನುಮಾನವೂ ಬಂತು. ತಾಯಿ ಮಗಳು ಮಾತಾಡಿಕೊಂಡೇ ಬಂದಿದ್ದರೇ? ಹೊರಗೆ ಬೇವಿನ ಗಿಡದ ಕೆಳಗೆ ಅವರಿಬ್ಬರ ಮಾತು ಕಿವಿಗೆ ಬಿತ್ತು.

"ಇವತ್ತ ಬೇಕಿತ್ತೇನವ್ವಾ ಈ ಮಾತು? ದಿಬ್ಬ ಹೋತು, ಗೋಪುರ ಹೋತು. ಎರಡು ವರ್ಷದ ದುಡಿಮಿ ನಂದು."

"ಮತ್ತ ಯಾವತ್ತ ಆಡ್ಲಿ?" ಎಂದಳು ಪದ್ಮವ್ವ. "ನಿನ್ನ ಕಂಪನಿನ್ನೂ ಆಕಿ ನಂಬೂದಿಲ್ಲ, ಆಕಿನ್ನ ನಾ ನಂಬೂದಿಲ್ಲ."

ಕೆಲವು ದಿನ ದೊಡ್ಡವ್ವ ಯಾರ ಕಣ್ಣಿಗೂ ಬೀಳಲಿಲ್ಲ. ಆಮೇಲೊಂದು ಬೆಳಿಗ್ಗೆ ಗಿರಣಿಗೆ ಬಂದಳು. ಕೈಯಲ್ಲಿ ಬೀಸಿಸುವ ಜೋಳದ ಡಬ್ಬಿ ಇರಲಿಲ್ಲ, ತುಕ್ಕು ಹಿಡಿದ, ತಳ ಒಳಬಂದ ಒಂದು ಸೇರು ಇತ್ತು. ಅದನ್ನು ಅಟ್ಟದಿಂದ ಇಳಿಸಿ ತಂದಿದ್ದಳು. ಗಿರಣಿ ಕಲ್ಲಿಗೆ ಹಲ್ಲು ತೆಗೆಯುವ ನನ್ನ ಸುತ್ತಿಗೆ ತೋರಿಸಿ, "ಒಳಗಿಂದ ಹೊಡಿ," ಎಂದಳು. ಹೊಡೆದೆ. ಮನೆಯ ಇನ್ನೊಂದು ಸೇರಿನಲ್ಲಿ ಕಾಳು ತುಂಬಿ ತಂದಿದ್ದಳು, ಅದನ್ನು ಇದಕ್ಕೆ ಸುರಿದು ನೋಡಿದಳು. ಒಂದಿಷ್ಟು ಚೆಲ್ಲಿತು. "ಇನ್ನೂ ಹೊಡಿ." ಕಾಳು ಚೆಲ್ಲದೆ ಕೂರುವ ತನಕ ಬಿಡಲಿಲ್ಲ. ಚೆಲ್ಲಿದ್ದನ್ನೆಲ್ಲ ಆರಿಸಿ ಉಡಿಗೆ ಹಾಕಿಕೊಂಡಳು, ನನ್ನ ಗಿರಣಿಯಲ್ಲಿ ಒಂದು ಕಾಳೂ ಬಿಡಲಿಲ್ಲ.

ಮುಂದಿನ ಗ್ರಾಮಸಭೆಯಲ್ಲಿ ಆಕೆಯೇ ಠರಾವು ಹೇಳಿದಳು. ದಿಬ್ಬ ಲೀಜಿಗೆ ಮಾತ್ರ, ಹೆಸರು ತನ್ನದೇ. ಮೊದಲ ಖರ್ಚು ಕಂಪನಿಯದು, ಅವರ ಆಯ ಹುಟ್ಟಿದ ಕರೆಂಟಿನಲ್ಲಿ. ಮೀಟರಿನ ಅಂಕಿ ಪಂಚಾಯಿತಿಯ ಹೊರಗೋಡೆಯ ಮೇಲೆ ಎಲ್ಲರಿಗೂ ಕಾಣಬೇಕು, ಅದನ್ನು ಓದಿ ಹೇಳುವವರು ಬುದ್ಧವಿಹಾರದ ಓಣಿಯವರಾಗಬೇಕು. ಆಮ್ರಪಾಲಿ ಬರೆದುಕೊಂಡು ಹೋದಳು. ಮೇಲಿನವರು ಏನು ಮಾಡುತ್ತಾರೋ ಗೊತ್ತಿಲ್ಲ, ಉತ್ತರ ಇನ್ನೂ ಬಂದಿಲ್ಲ. ನನಗಂತೂ ಅವರ ಮೇಲೆ ಭರವಸೆ ಕಡಿಮೆ.

ಈ ವರ್ಷ ದೊಡ್ಡವ್ವ ಮತ್ತೆ ದಿಬ್ಬದ ಮೇಲೆಯೇ ತೂರಿದಳು. ಮೇಲೆ ಬಟ್ಟಲುಗಳು ತಿರುಗುತ್ತಿದ್ದವು, ಆಗಾಗ ತಲೆಯೆತ್ತಿ ಅವುಗಳನ್ನು ದುರುಗುಟ್ಟಿ ನೋಡುತ್ತಿದ್ದಳು. ಜೋಳ ಕಿತ್ತ ಕೂಲಿಯನ್ನು ಆಕೆ ಇಂದಿಗೂ ಕಾಳಿನಲ್ಲೇ ಕೊಡುತ್ತಾಳೆ. ಬಡಿಗೇರ ತನ್ನ ಆಯಕ್ಕೆ ಬಂದು ನಿಂತಿದ್ದ. ಅವನನ್ನು ಕಾಯಲು ಹೇಳಿ, ಜೋಳ ಕಿತ್ತಿದ್ದ ಪದ್ಮವ್ವನನ್ನು ಮೊದಲು ಕರೆದಳು, ಸೇರನ್ನು ಅವಳ ಕೈಗೇ ಕೊಟ್ಟಳು.

ಪದ್ಮವ್ವ ಅದನ್ನು ಬೋರಲು ಹಾಕಿದಳು. ತಳವನ್ನು ಬೆರಳುಗಳಿಂದ ನಿಧಾನವಾಗಿ ಸವರಿದಳು. ಒಳಗೆ ಕೈಬಿಟ್ಟು ಮತ್ತೆ ಸವರಿದಳು.

"ಯಾಕವಾ, ನನ್ನ ಮ್ಯಾಲ ಸಂಶೆ?" ಎಂದಳು ದೊಡ್ಡವ್ವ.

"ಹೂಂರಿ ಅಕ್ಕಾರ. ಸಂಶೆನ."

ದೊಡ್ಡವ್ವನ ಮುಖ ಬಿಗಿಯಿತು. ಸೇರು ಕಸಿದುಕೊಂಡೇಬಿಡುತ್ತಾಳೆ ಎಂದು ನಾನು ಒಂದು ಹೆಜ್ಜೆ ಮುಂದೆ ಬಂದೆ.

"ಅಂಚೂ ನೋಡು," ಎಂದಳು. "ಅಂಚು ಕತ್ತರಸಿದ್ರೂ ಕಡಿಮಿ ಹಿಡೀತೈತಿ."

ಪದ್ಮವ್ವ ಅಂಚನ್ನೂ ನೋಡಿದಳು. ಆಮೇಲೆ ರಾಶಿಯ ನೆತ್ತಿಗೆ ಸೇರು ಹಾಕಿ, ತಾನೇ ಅಳೆದುಕೊಳ್ಳತೊಡಗಿದಳು.