ಹೋಟೆಲಿನ ಬಿಳಿ ದಿಂಬು

ಧೃತಿ, ಪ್ರಣವ, ನಿಮ್ಮ ಅಜ್ಜಿಗೆ ಒಂದು ಕೆಟ್ಟ ಚಾಳಿ ಇದೆ. ಹೋಟೆಲಿನಲ್ಲಿ ಉಳಿದುಕೊಂಡರೆ, ಬಿಡುವ ದಿನ ಬೆಳಿಗ್ಗೆ ಆ ಕೋಣೆಯಲ್ಲಿ ಯಾರೂ ಇರಲೇ ಇಲ್ಲ ಅನ್ನುವ ಹಾಗೆ ಮಾಡಿ ಬರುತ್ತೇನೆ. ಹೊದಿಕೆ ಎಳೆದು ಸರಿಮಾಡುತ್ತೇನೆ, ಬಚ್ಚಲು ತೊಳೆಯುತ್ತೇನೆ, ಕಾರ್ಪೆಟ್ಟಿನ ಮೇಲೆ ಬಿದ್ದ ಕೂದಲನ್ನು ಒಂದೊಂದಾಗಿ ಹೆಕ್ಕುತ್ತೇನೆ. ಧೃತಿ, ನೀನು ಒಮ್ಮೆ ಬಾಗಿಲಲ್ಲಿ ನಿಂತು ನೋಡಿ, "ಅಜ್ಜಿ, ದಟ್ಸ್ ದೇರ್ ಜಾಬ್" ಅಂದೆ. ನೀನು ಹೇಳಿದ್ದು ಸರಿ. ಆದರೆ ಈ ಚಾಳಿಯಿಂದ ನಮ್ಮ ಮನೆಯಲ್ಲಿ ಏನಾಯಿತು ಅಂತ ನಿನಗೆ ಗೊತ್ತಿಲ್ಲ. ನಿಮ್ಮ ಅಮ್ಮನಿಗೆ ಗೊತ್ತು, ಅವಳು ಹೇಳುವುದಿಲ್ಲ. ನನಗೆ ಬಾಯಿಬಿಟ್ಟು ಹೇಳಲು ನಾಚಿಕೆ. ಅದಕ್ಕೇ ಬರೆಯಲು ಕೂತಿದ್ದೇನೆ.

ನಮ್ಮೂರಿನಲ್ಲಿ ಹೋಟೆಲ್ ಅಂದರೆ ಇಡ್ಲಿ ತಿನ್ನುವ ಜಾಗ. ಅದೂ ಗಂಡಸರಿಗೆ. ಹೋಟೆಲಿನಲ್ಲಿ ಮಲಗಿದ್ದೆ ಅಂದರೆ, ಒಲೆಯ ಪಕ್ಕದಲ್ಲೋ ಬೆಂಚಿನ ಮೇಲೋ ಅಂತ ಕೇಳುತ್ತಿದ್ದರು. ಪರ ಊರಿನಲ್ಲಿ ಉಳಿಯುವ ಹಾಗಿದ್ದರೆ ಛತ್ರವಿತ್ತು. ನಂಜನಗೂಡಿಗೆ ಮುಡಿ ಕೊಡಲು ಹೋದಾಗ ನಾವು ಹನ್ನೊಂದು ಜನ ಒಂದೇ ಕೋಣೆಯಲ್ಲಿ ಮಲಗಿದ್ದೆವು. ಹೊರಡುವಾಗ ನಮ್ಮವ್ವ ನನ್ನ ಕೈಗೆ ಪೊರಕೆ ಕೊಟ್ಟು, ನಮ್ಮ ಹಿಂದೆ ಬರುವವರು ನಮ್ಮ ಕಸ ನೋಡಬಾರದು ಅಂದಳು. ಗುಡಿಸಿದೆ. ಹಂಡೆ ತುಂಬಿಸಿದೆ. ಪೊರಕೆಯನ್ನು ಮೂಲೆಗೆ ಒರಗಿಸಿದೆ. ಏಳನೇ ಕ್ಲಾಸಿನವರೆಗೆ ಕಲಿತ ಮಗ್ಗಿಯಲ್ಲಿ ಹದಿಮೂರರದ್ದು ಈಗ ತಪ್ಪುತ್ತದೆ. ಅವತ್ತು ಕಲಿತದ್ದು ಇವತ್ತಿಗೂ ತಪ್ಪುವುದಿಲ್ಲ.

ನಿಮ್ಮ ತಾತ ಮಂಡ್ಯದ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವರು. ಅವರು ಊಟಕ್ಕೆ ಕೂತರೂ ಉಗುರಿನಲ್ಲಿ ಗ್ರೀಸ್ ಇರುತ್ತಿತ್ತು. ರಿಟೈರಾದ ಮೇಲೆ ನಿಮ್ಮ ಅಮ್ಮ ವಿದ್ಯಾ ನಮ್ಮನ್ನು ಅಮೆರಿಕದ ಟ್ರಾಯ್‌ಗೆ ಕರೆಸಿಕೊಂಡಳು. ಅವಳು ವಾರೆನ್‌ನಲ್ಲಿ ಕಾರಿಗೆ ಬ್ರೇಕ್ ಡಿಸೈನ್ ಮಾಡುತ್ತಾಳೆ ಅಂತ ತಾತನಿಗೆ ಹೇಳಲಾರದಷ್ಟು ಹೆಮ್ಮೆ. ನಾವು ಬರುವಾಗ ಇಂಗ್ಲೆಂಡಿನಲ್ಲಿ ಹಿಮ ಬಿದ್ದು ವಿಮಾನಗಳು ನಿಂತುಬಿಟ್ಟವು. ವಿಮಾನದವರು ನಮ್ಮನ್ನು ಬಸ್ಸಿನಲ್ಲಿ ಕೂರಿಸಿ, ಲಂಡನ್ನಿನಿಂದ ಒಂದು ಗಂಟೆ ದೂರದ ಒಂದು ಹಳೆಯ ವಸತಿಗೃಹಕ್ಕೆ ಕಳಿಸಿದರು. ಕೆಳಗೆ ಜನ ಬಿಯರ್ ಕುಡಿಯುತ್ತಾ ಕೂತಿದ್ದರು, ಮೇಲೆ ನಮ್ಮ ಕೋಣೆ. ಎರಡು ದಿನ ಅಲ್ಲಿದ್ದೆವು. ನಾನು ಅತ್ತೆ ಮಾವ ಮೈದುನರ ತುಂಬಿದ ಮನೆಗೆ ಸೊಸೆಯಾಗಿ ಬಂದವಳು. ನಾನೂ ನಿಮ್ಮ ತಾತನೂ ಇಬ್ಬರೇ ಎರಡು ದಿನ ಒಂದು ಕೋಣೆಯಲ್ಲಿ ಇದ್ದದ್ದು ಮದುವೆಯಾಗಿ ಮೂವತ್ತೇಳು ವರ್ಷವಾದ ಮೇಲೆ, ಆ ಬಿಯರಿನ ಅಂಗಡಿಯ ಮೇಲೆ.

ಅಲ್ಲಿನ ಹಾಸಿಗೆಯ ಹೊದಿಕೆಯನ್ನು ಮೂರು ಕಡೆಯಿಂದಲೂ ಒಳಗೆ ಬಿಗಿಯಾಗಿ ಸಿಕ್ಕಿಸಿದ್ದರು, ಅಂಟಿಸಿದ ಲಕೋಟೆಯ ಹಾಗೆ. ತಾತ ಕನ್ನಡಕ ಹಾಕಿಕೊಂಡು, ಬಗ್ಗಿ, ಇಂಜಿನ್ ನೋಡುವ ಹಾಗೆ ಸುತ್ತಲೂ ನೋಡಿದರು. ಎಳೆದರೆ ಕೆಡುತ್ತದೆ, ಕೆಟ್ಟರೆ ಇಷ್ಟು ಚೆನ್ನಾಗಿ ಮತ್ತೆ ಜೋಡಿಸಲು ನಮಗೆ ಬರುವುದಿಲ್ಲ ಅಂತ ತೀರ್ಮಾನವಾಯಿತು. ಮೇಲೆಯೇ ಶಾಲು ಹೊದ್ದು, ಸ್ವೆಟರ್ ಹಾಕಿಕೊಂಡು ನಡುಗುತ್ತಾ ಮಲಗಿದೆವು. ಬಚ್ಚಲಿನಲ್ಲಿ ಎರಡು ನಲ್ಲಿ. ಒಂದರಲ್ಲಿ ಕುದಿಯುವ ನೀರು, ಇನ್ನೊಂದರಲ್ಲಿ ಕೊರೆಯುವ ನೀರು, ನಡುವೆ ಏನೂ ಇಲ್ಲ. ತಾತ ಟೀ ಕಪ್ಪಿನಲ್ಲಿ ಎರಡನ್ನೂ ಬೆರೆಸಿ ಬೆರೆಸಿ ಸ್ನಾನ ಮುಗಿಸಿದರು. ಬಚ್ಚಲಿನ ನೆಲಕ್ಕೂ ಕಾರ್ಪೆಟ್ಟು ಹಾಸಿದ್ದರಿಂದ, ಚೆಲ್ಲಿದ ನೀರಿಗೆ ನೆನೆದ ಅದನ್ನು ನಾವಿಬ್ಬರೂ ಟವೆಲ್ಲಿನಿಂದ ಒಂದು ಗಂಟೆ ಒತ್ತಿ ಒಣಗಿಸಿದೆವು. ಬೆಳಿಗ್ಗೆ ಆ ಮನೆಯ ಯಜಮಾನಿ ಬಂದು, ಮುಟ್ಟದ ಹಾಸಿಗೆಯನ್ನೂ ನಿದ್ದೆಗೆಟ್ಟ ನಮ್ಮ ಮುಖವನ್ನೂ ನೋಡಿ, ಮಲಗಲಿಲ್ಲವೇ ಅಂತ ಕೆನ್ನೆಗೆ ಕೈ ಇಟ್ಟು ಕೇಳಿದಳು. ನಿಜ ಹೇಳುತ್ತೇನೆ, ನನಗೆ ಹೆಮ್ಮೆಯಾಯಿತು. ನಮ್ಮವ್ವ ಇದ್ದಿದ್ದರೆ ಮೆಚ್ಚಿಕೊಳ್ಳುತ್ತಿದ್ದಳು ಅಂದುಕೊಂಡೆ.

ಇದನ್ನು ನಿಮಗೆ ಎಷ್ಟೋ ಸಲ ಹೇಳಿ ನಗಿಸಿದ್ದೇನೆ. ಮುಂದಿನದನ್ನು ಹೇಳಿಲ್ಲ.

ತಾತನಿಗೆ ಉಸಿರಿನ ಕಾಯಿಲೆ ಬಂತು. ಶ್ವಾಸಕೋಶ ನಿಧಾನವಾಗಿ ಗಟ್ಟಿಯಾಗುವ ಕಾಯಿಲೆ. ಅದನ್ನು ಬಲ್ಲ ಡಾಕ್ಟರು ಶಿಕಾಗೋ ಕಡೆ ಇದ್ದಾರೆ ಅಂತ ಗೊತ್ತಾಗಿ, ತಿಂಗಳಿಗೊಮ್ಮೆ ನಿಮ್ಮ ಅಮ್ಮ ಐದು ಗಂಟೆ ಡ್ರೈವ್ ಮಾಡಿ ನಮ್ಮನ್ನು ಕರೆದುಕೊಂಡು ಹೋಗುತ್ತಿದ್ದಳು. ನಿಮ್ಮನ್ನು ಅಪ್ಪನ ಹತ್ತಿರ ಬಿಟ್ಟು ಹೊರಡುತ್ತಿದ್ದೆವಲ್ಲ, ಆ ಭಾನುವಾರಗಳು. ಶಿಕಾಗೋ ಪಕ್ಕದ ಅರೋರಾದಲ್ಲಿ ಬಾಲಾಜಿ ದರ್ಶನ ಮಾಡಿ, ಹೆದ್ದಾರಿಯ ಎಕ್ಸಿಟ್ ಪಕ್ಕದ ಒಂದು ಹೋಟೆಲಿನಲ್ಲಿ ಉಳಿದು, ಮಾರನೆಯ ದಿನ ಮಧ್ಯಾಹ್ನ ಡಾಕ್ಟರನ್ನು ನೋಡುವುದು. ಅಲ್ಲೇ ಪರಿಚಯದವರು ಇದ್ದರು, ಮನೆಗೇ ಬನ್ನಿ ಅಂಕಲ್ ಅನ್ನುತ್ತಿದ್ದರು. ಕಾಯಿಲೆ ಹೊತ್ತುಕೊಂಡು ಯಾರ ಮನೆಗೂ ಹೋಗಬಾರದು ಅಂತ ತಾತನ ಹಟ. ಎರಡು ಕೋಣೆ, ನಡುವೆ ಒಂದು ಬಾಗಿಲು. ಒಂದರಲ್ಲಿ ನಾವು, ಇನ್ನೊಂದರಲ್ಲಿ ವಿದ್ಯಾ. ಬೆಳಿಗ್ಗೆ ಅವಳು ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಆಫೀಸಿನ ಮೀಟಿಂಗಿನಲ್ಲಿ ಇರುತ್ತಿದ್ದಳು.

ಎರಡನೇ ಸಲ ಹೋದಾಗ, ಬೆಳಿಗ್ಗೆ ಎದ್ದು ನೋಡಿದರೆ ತಾತನ ದಿಂಬಿನ ಮೇಲೆ ರಕ್ತ. ಕುಂಕುಮದ ಬೊಟ್ಟಿನಷ್ಟು. ಹೋಟೆಲಿನ ದಿಂಬು ಎಷ್ಟು ಬಿಳಿ ಅಂತ ನಿಮಗೆ ಗೊತ್ತು.

ನನಗೆ ಮೊದಲು ಬಂದ ಯೋಚನೆ ಇವರಿಗೆ ಏನಾಯಿತು ಅನ್ನುವುದಲ್ಲ. ಹೋಟೆಲಿನವರು ಏನಂದುಕೊಳ್ಳುತ್ತಾರೆ ಅನ್ನುವುದು. ಇದನ್ನು ಬರೆಯಲು ನನಗೆ ಒಂದು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ದಿಂಬಿನ ಚೀಲ ತೆಗೆದು ಬಚ್ಚಲಿಗೆ ಓಡಿದೆ. ರಕ್ತವನ್ನು ತಣ್ಣೀರಿನಲ್ಲಿ ತೊಳೆಯಬೇಕು, ಬಿಸಿನೀರು ಹಾಕಿದರೆ ಕಲೆ ನಿಂತುಬಿಡುತ್ತದೆ. ಇದನ್ನು ಹೆಂಗಸರಿಗೆ ಯಾರೂ ಶಾಲೆಯಲ್ಲಿ ಕಲಿಸುವುದಿಲ್ಲ. ಉಜ್ಜಿ, ಹಿಂಡಿ, ಕೂದಲು ಒಣಗಿಸುವ ಯಂತ್ರದಿಂದ ಒಣಗಿಸಿದೆ. ನಾನು ಹೊರಗೆ ಬಂದಾಗ ತಾತ ಎದ್ದು ಕೂತಿದ್ದರು. ನನ್ನ ಕೈಯಲ್ಲಿದ್ದದ್ದನ್ನು ನೋಡಿದರು.

"ವಿದ್ಯಂಗೆ ಹೇಳಬೇಡ" ಅಂದರು. "ಅಡ್ಮಿಟ್ ಮಾಡ್ಕೋತಾರೆ. ಒಳಗೆ ಹೋದ್ರೆ ನಾನು ವಾಪಸ್ ಬರಲ್ಲ ಕಣೆ."

ನಾನು ಹೇಳಲಿಲ್ಲ. ಮಧ್ಯಾಹ್ನ ಡಾಕ್ಟರು ಹಿಂದಿನ ಸಲದ ಪ್ರಶ್ನೆಗಳನ್ನೇ ಕೇಳಿದರು. ಅದರಲ್ಲಿ ಒಂದು, ಕೆಮ್ಮಿದಾಗ ರಕ್ತ ಬರುತ್ತದೆಯೇ ಅನ್ನುವುದು. ಬಂದರೆ ತಕ್ಷಣ ಹೇಳಬೇಕು, ಔಷಧಿ ಬದಲಾಯಿಸಬೇಕಾಗುತ್ತದೆ ಅಂತ ಅವರು ಒತ್ತಿ ಹೇಳಿದ್ದನ್ನು ನಿಮ್ಮ ಅಮ್ಮ ಕನ್ನಡದಲ್ಲಿ ಇನ್ನೂ ಒತ್ತಿ ಹೇಳಿದಳು. ತಾತ ಇಲ್ಲಮ್ಮ ಅಂದರು. ಅವಳು ನನ್ನ ಕಡೆ ನೋಡಿದಳು. ನಾನು ಗೋಡೆಯ ಮೇಲಿದ್ದ ಶ್ವಾಸಕೋಶದ ಚಿತ್ರವನ್ನು ನೋಡುತ್ತಾ ಕೂತೆ. ತಲೆಕೆಳಗಾದ ಮರದ ಹಾಗೆ ಇತ್ತು.

ಮೂರನೇ ಸಲವೂ ತೊಳೆದೆ. ನಾಲ್ಕನೇ ಸಲವೂ ತೊಳೆದೆ. ಟ್ರಾಯ್‌ನಲ್ಲಿ ಅವರ ಕರವಸ್ತ್ರಗಳನ್ನು ಮೆಷಿನ್ನಿಗೆ ಹಾಕುವ ಮುಂಚೆ ಬೇಸ್‌ಮೆಂಟಿನಲ್ಲಿ ಕೈಯಿಂದ ಹಿಂಡಿದೆ. ಪ್ರಣವ, ನೀನು ಕೆಳಗೆ ಇಳಿದು ಬಂದು, ಮೆಷಿನ್ ಇರುವಾಗ ಕೈಯಲ್ಲಿ ಯಾಕೆ ಅಂತ ಇಂಗ್ಲಿಷಿನಲ್ಲಿ ಕೇಳಿದೆ. ನಾನು ಇಂಗ್ಲಿಷ್ ಬರದವಳ ಹಾಗೆ ನಕ್ಕೆ. ಕೆಲವು ಸಲ ಭಾಷೆ ಬರದಿರುವುದು ಬಹಳ ಅನುಕೂಲ.

ಐದನೇ ಸಲ ಬೊಟ್ಟು ಅಂಗೈಯಗಲ ಆಗಿತ್ತು. ಎಷ್ಟು ಉಜ್ಜಿದರೂ ಅಂಚಿನಲ್ಲಿ ತಿಳಿ ಕಂದು ಬಣ್ಣದ ಒಂದು ಉಂಗುರ ಉಳಿಯಿತು, ಒಳಗಿನ ದಿಂಬೂ ನೆನೆದಿತ್ತು. ಅದನ್ನು ಹೀಟರಿನ ಮೇಲೆ ಒರಗಿಸಿ, ಹಾಸಿಗೆ ಸರಿಮಾಡುತ್ತಿರುವಾಗ ಬಾಗಿಲು ತಟ್ಟಿದ ಸದ್ದಾಯಿತು. ಕೋಣೆ ಸ್ವಚ್ಛ ಮಾಡುವ ಹೆಂಗಸು. ನನ್ನಷ್ಟೇ ವಯಸ್ಸು, ಊದಿದ ಮೊಣಕಾಲು. ಎದೆಯ ಮೇಲಿನ ಪಟ್ಟಿಯಲ್ಲಿ ರೋಸಾ ಅಂತ ಬರೆದಿತ್ತು. ಹಿಂದಿನ ಸಲಗಳಲ್ಲೂ ಅವಳೇ ಬಂದಿದ್ದಳು. ನಾನು ಸರಿಮಾಡಿದ ಹಾಸಿಗೆ ನೋಡಿ ಬೆರಳು ಆಡಿಸಿ ಗದರಿದ್ದಳು, ನನ್ನ ಕೆಲಸ ಕಿತ್ತುಕೊಳ್ಳುತ್ತೀಯಾ ಅನ್ನುವ ಹಾಗೆ. ಅವಳಿಗೂ ಇಂಗ್ಲಿಷ್ ನನ್ನಷ್ಟೇ. ಅದರಿಂದ ನಮ್ಮಿಬ್ಬರಿಗೂ ಚೆನ್ನಾಗಿ ಹೊಂದುತ್ತಿತ್ತು.

ಅವಳು ನೇರವಾಗಿ ಹೀಟರಿನ ಹತ್ತಿರ ಹೋದಳು. ದಿಂಬನ್ನು ಒತ್ತಿ ನೋಡಿದಳು. ಚೀಲವನ್ನು ಕಿಟಕಿಯ ಬೆಳಕಿಗೆ ಹಿಡಿದಳು. ಜೀವಮಾನವೆಲ್ಲ ಬೇರೆಯವರ ಹಾಸಿಗೆ ಬಟ್ಟೆ ಎತ್ತಿದವಳು ಅವಳು. ತಣ್ಣೀರಿನಲ್ಲಿ ತೊಳೆದದ್ದು ಏನು ಅಂತ ಅವಳಿಗೆ ಹೇಳಬೇಕಾಗಿರಲಿಲ್ಲ. ಕುರ್ಚಿಯಲ್ಲಿ ಕೂತಿದ್ದ ತಾತನ ಕಡೆ ತಿರುಗಿ, ತನ್ನ ಎದೆ ಮುಟ್ಟಿಕೊಂಡು, ಆಮೇಲೆ ಬಾಯಿ ಮುಟ್ಟಿಕೊಂಡು, ನನ್ನನ್ನು ನೋಡಿದಳು.

ನಾನು ಹೌದು ಅಂತ ತಲೆಯಾಡಿಸಿದೆ. ಮೂರು ತಿಂಗಳಿನಲ್ಲಿ ನಾನು ಹೇಳಿದ ಮೊದಲ ನಿಜ ಅದು, ಅದನ್ನೂ ಮಾತಿನಲ್ಲಿ ಹೇಳಲಿಲ್ಲ.

ಅವಳು ನಡುವಿನ ಬಾಗಿಲಿನ ಕಡೆ ಕೈ ತೋರಿಸಿದಳು. ನಾನು ಬೇಡ ಅಂತ ಕೈಮುಗಿದೆ. ಅವಳು ಸ್ವಲ್ಪ ಹೊತ್ತು ನನ್ನ ಮುಗಿದ ಕೈಗಳನ್ನೇ ನೋಡಿದಳು. ಆಮೇಲೆ ಹೋಗಿ ಬಾಗಿಲು ತಟ್ಟಿದಳು.

ಹೆಡ್‌ಫೋನ್ ಕುತ್ತಿಗೆಗೆ ಇಳಿಸಿಕೊಂಡು ವಿದ್ಯಾ ಬಂದಳು. ರೋಸಾ ಆ ಚೀಲವನ್ನು ಅವಳ ಕೈಗೆ ಕೊಟ್ಟು, ಬಕೆಟ್ ಎತ್ತಿಕೊಂಡು ಹೊರಟುಹೋದಳು.

"ಏನಮ್ಮ ಇದು?"

"ಏನಿಲ್ಲ ಕಣೆ, ನಿಮ್ಮಪ್ಪ ಕಾಫಿ..." ಅಂತ ತಾತನೇ ಶುರುಮಾಡಿದರು, ಕೆಮ್ಮು ಬಂತು. ಕೆಮ್ಮು ನಿಲ್ಲುವವರೆಗೂ ನಾವು ಮೂವರೂ ಕಾದೆವು. ಅಂಥ ಹೊತ್ತಿನಲ್ಲೂ ಅವರು ತಮ್ಮನ್ನೇ ನಿಮ್ಮಪ್ಪ ಅಂದುಕೊಂಡು, ಸುಳ್ಳನ್ನು ನನ್ನ ದನಿಯಲ್ಲಿ ಹೇಳಲು ಹೋದರಲ್ಲ ಅಂತ ಈಗ ನೆನೆದರೆ ನಗುವೂ ಬರುತ್ತದೆ.

"ಅಮ್ಮ, ಯಾವತ್ತಿಂದ?"

"ಎರಡನೇ ಸಲ ಬಂದಾಗಿನಿಂದ" ಅಂದೆ.

ಅವಳು ಕಿರುಚಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿ, ಕಾರಿನ ಕೀ ತೆಗೆದುಕೊಂಡು, ಅಪ್ಪನಿಗೆ ಶೂ ಹಾಕಲು ನೆಲದ ಮೇಲೆ ಕೂತಳು. ಆ ಅವಸರದಲ್ಲೂ ನಾನು ಹಾಸಿಗೆಯ ಹೊದಿಕೆಯ ಮೂಲೆ ಒಳಗೆ ಸಿಕ್ಕಿಸಿ ಬಂದೆ. ನನ್ನ ಕೈಗಳನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ.

ತಾತನನ್ನು ಅಡ್ಮಿಟ್ ಮಾಡಿಕೊಂಡರು. ಅವರು ಹೇಳಿದ್ದೇ ಆಯಿತು, ಹದಿನಾರನೆಯ ದಿನ ಅಲ್ಲೇ ಹೋದರು. ಕೊನೆಯಲ್ಲಿ ಡಾಕ್ಟರು ನಿಮ್ಮ ಅಮ್ಮನ ಜೊತೆ ಕಾರಿಡಾರಿನಲ್ಲಿ ಬಹಳ ಹೊತ್ತು ಮಾತಾಡಿದರು. ನಾನು ಪಕ್ಕದಲ್ಲೇ ನಿಂತಿದ್ದೆ. ಆಮೇಲೆ ಏನಂದರು ಅಂತ ಅವಳನ್ನು ಕೇಳಿದ್ದಕ್ಕೆ, ಎಲ್ಲ ಪ್ರಯತ್ನ ಮಾಡಿದ್ವಿ ಅಂತ ಹೇಳಿದರಮ್ಮ ಅಂದಳು. ಆದರೆ ಅರ್ಲಿಯರ್ ಅಂದರೆ ಮುಂಚೆ ಅಂತ ನನಗೆ ಗೊತ್ತು. ಡಾಕ್ಟರು ಅದನ್ನು ಎರಡು ಸಲ ಅಂದಿದ್ದರು. ನನ್ನ ಮಗಳು ಆ ಒಂದು ಮಾತನ್ನು ತೊಳೆದು ನನಗೆ ಕೊಟ್ಟಳು. ನನ್ನಿಂದಲೇ ಕಲಿತಿದ್ದಾಳೆ.

ಮುಂಚೆ ಹೇಳಿದ್ದರೆ ತಾತ ಇನ್ನೂ ಸ್ವಲ್ಪ ದಿನ ಇರುತ್ತಿದ್ದರೋ, ಅಥವಾ ಆ ದಿನಗಳನ್ನೂ ಆಸ್ಪತ್ರೆಯಲ್ಲೇ ಕಳೆಯುತ್ತಿದ್ದರೋ, ನನಗೆ ಗೊತ್ತಿಲ್ಲ. ಗೊತ್ತಿಲ್ಲ ಅನ್ನುವುದರಲ್ಲಿ ಸಮಾಧಾನವೂ ಇಲ್ಲ. ನಿಮ್ಮ ಅಮ್ಮ ನನ್ನನ್ನು ಒಂದು ಮಾತೂ ಅನ್ನಲಿಲ್ಲ. ಊಟ ಬಡಿಸಿದಳು, ಮಾತ್ರೆ ಕೊಟ್ಟಳು, ದೇವಸ್ಥಾನಕ್ಕೆ ಕರೆದುಕೊಂಡು ಹೋದಳು. ನಮ್ಮಿಬ್ಬರ ನಡುವೆ ಆ ಹೋಟೆಲಿನ ಬಾಗಿಲು ಮುಚ್ಚಿಕೊಂಡೇ ಇತ್ತು.

ವರ್ಷದ ಕಾರ್ಯಕ್ಕೆ ಅರೋರಾಕ್ಕೆ ಹೋದಾಗ ಅವಳು ಅದೇ ಹೋಟೆಲಿನಲ್ಲಿ ಒಂದೇ ಕೋಣೆ ತೆಗೆದುಕೊಂಡಳು. ರೋಸಾ ಅಲ್ಲಿ ಇರಲಿಲ್ಲ, ಕೆಲಸ ಬಿಟ್ಟಳಂತೆ. ಬೆಳಿಗ್ಗೆ ಎದ್ದವಳೇ ನಾನು ಹೊದಿಕೆ ಎಳೆಯಲು ಹೋದೆ. ವಿದ್ಯಾ ಹಾಸಿಗೆಯಲ್ಲೇ ಕೂತು ನನ್ನ ಮಣಿಕಟ್ಟು ಹಿಡಿದಳು.

"ಬಿಡಮ್ಮ. ನಾವು ಇದ್ವಿ ಅಂತ ಗೊತ್ತಾಗ್ಲಿ."

ಆಮೇಲೆ ಅವಳು ಅತ್ತಳು, ಕಾರಿಡಾರಿನಲ್ಲಿ ಡಾಕ್ಟರು ಹೇಳಿದ್ದನ್ನೆಲ್ಲ ಕನ್ನಡದಲ್ಲಿ ಹೇಳಿದಳು, ಯಾಕಮ್ಮ ನಂಗೆ ಹೇಳಲಿಲ್ಲ ಅಂತ ಕೇಳಿದಳು. ನಾನು ಉತ್ತರ ಕೊಟ್ಟೆ. ಚೆನ್ನಾದ ಉತ್ತರವಲ್ಲ. ನಾಚಿಕೆಯಾಯಿತು ಅಂದೆ, ಅಷ್ಟೇ. ಹೊರಡುವಾಗ ಹಾಸಿಗೆ ಹಾಗೇ ಇತ್ತು. ಎರಡು ದಿಂಬಿನ ಮೇಲೂ ನಮ್ಮ ತಲೆಯ ತಗ್ಗು ಕಾಣುತ್ತಿತ್ತು. ಕಾರಿನವರೆಗೂ ನನ್ನ ಕೈ ತುರಿಸುತ್ತಲೇ ಇತ್ತು.

ಮಕ್ಕಳೇ, ಈ ಹಾಳೆಗಳ ಮೇಲೆ ಒಂದು ಕಡೆ ಕಾಫಿ ಬಿದ್ದಿದೆ. ಮೂರನೆಯ ಹಾಳೆಯಲ್ಲಿ ಒಗ್ಗರಣೆಯ ಎಣ್ಣೆಯ ಬೆರಳಿನ ಗುರುತಿದೆ. ಎರಡು ಸಾಲಿನ ಶಾಯಿ ನೀರು ಬಿದ್ದು ಹರಡಿದೆ. ಹೀಗೇ ಕೊಡುವುದು ಹೇಗೆ ಅಂತ ಹೊಸ ಹಾಳೆಯ ಮೇಲೆ ದುಂಡಗೆ ಬರೆಯಲು ಕೂತೆ. ರಕ್ತದ ವಿಷಯ ಬರುವ ಹೊತ್ತಿಗೆ ಒಂದೆರಡು ಮಾತು ತಾನಾಗಿಯೇ ಬಿಟ್ಟುಹೋಗಿತ್ತು. ಪೆನ್ನು ಕೆಳಗಿಟ್ಟೆ. ಆ ಚೊಕ್ಕ ಪ್ರತಿಯನ್ನು ಹರಿದು ಹಾಕಿದ್ದೇನೆ. ಉಳಿದಿರುವುದು ಇದೊಂದೇ, ಜೋಪಾನವಾಗಿ ಇಟ್ಟುಕೊಳ್ಳಿ. ಓದಲು ಬರುವಷ್ಟು ಕನ್ನಡ ಕಲಿತ ಮೇಲೆ ಓದಿ. ಅಲ್ಲಿಯವರೆಗೆ ಯಾರಾದರೂ ಒರೆಸಲು ಬಂದರೆ, ಅದು ನಾನೇ ಆದರೂ ಸರಿ, ಕೊಡಬೇಡಿ.